ಗಲ್ಲು ಕೇಳುವ ಮನವಿಗೆ ಸಹಿ ಹಾಕಲೇ? ದಕ್ಷಿಣ ಕೊಡಗಿನ ಓದುಗರೊಬ್ಬರಿಗೆ ವಕೀಲರ ಉತ್ತರ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯ ನಿವೃತ್ತ ಶಿಕ್ಷಕಿ. ನಮ್ಮ ಪಕ್ಕದ ತೋಟದಲ್ಲಿ ಕೂಲಿಯವರು ಇರುವ ಲೈನ್‌ಮನೆಯಲ್ಲಿ ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಏಳನೆಯ ತರಗತಿಯವರೆಗೆ ನನ್ನ ಬಳಿಯೇ ಕಲಿತವಳು. ಹೊರರಾಜ್ಯದಿಂದ ಕೆಲಸಕ್ಕೆ ಬಂದಿದ್ದ ಒಬ್ಬನನ್ನು ಬಂಧಿಸಿದ್ದಾರೆ. ಈಗ ವಿಚಾರಣೆ ಶುರುವಾಗುವ ಹೊತ್ತಿಗೆ, ಅವನನ್ನು ಗಲ್ಲಿಗೇರಿಸಬೇಕು, ಅವನ ಪರ ಯಾವ ವಕೀಲರೂ ನಿಲ್ಲಬಾರದು ಎಂದು ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಗೆ ಊರಿನಲ್ಲಿ ಸಹಿ ಮಾಡಿಸುತ್ತಿದ್ದಾರೆ. ಹುಡುಗಿಯ ತಾಯಿ ಹೆಬ್ಬೆಟ್ಟು ಒತ್ತಿದ್ದಾಳೆ. ಗಲ್ಲಾಗದಿದ್ದರೆ ಹದಿನಾಲ್ಕು ವರ್ಷಕ್ಕೆ ಸನ್ನಡತೆಯೆಂದು ಬಿಟ್ಟುಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಕಾನೂನು ಓದುತ್ತಿರುವ ನನ್ನ ತಂಗಿಯ ಮಗ ಮಾತ್ರ ಮರಣದಂಡನೆಯನ್ನೇ ರದ್ದುಮಾಡಬೇಕು ಎನ್ನುತ್ತಾನೆ. ಹುತ್ತರಿ ಹಬ್ಬಕ್ಕೆ ಎಲ್ಲರೂ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದ್ದಾಗ ಈ ಮಾತು ಬೆಳೆದು, ಒಬ್ಬರು ಊಟ ಬಿಟ್ಟು ಎದ್ದುಹೋದರು. ಗಲ್ಲಿನ ಭಯವಿಲ್ಲದಿದ್ದರೆ ನಮ್ಮ ಹೆಣ್ಣುಮಕ್ಕಳ ಗತಿಯೇನು? ನಾನಿನ್ನೂ ಸಹಿ ಹಾಕಿಲ್ಲ. ಹಾಕದಿದ್ದರೆ ಆ ತಾಯಿಗೆ ದ್ರೋಹವಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಒಬ್ಬ ಆರೋಪಿಗೆ ಏನಾಗಬೇಕು, ಮರಣದಂಡನೆ ಎಂಬ ಶಿಕ್ಷೆ ನಮ್ಮ ಕಾನೂನಿನಲ್ಲಿ ಇರಬೇಕೇ, ಮತ್ತು ಮಗಳನ್ನು ಕಳೆದುಕೊಂಡ ತಾಯಿಯ ಬಳಿ ನಿಲ್ಲುವುದೆಂದರೆ ಏನು. ಸಭೆಗಳಲ್ಲಿ ಈ ಮೂರೂ ಒಂದೇ ಪ್ರಶ್ನೆಯಂತೆ ಕೇಳಿಸುತ್ತವೆ. ನ್ಯಾಯಾಲಯದಲ್ಲಿ ಅವು ಬೇರೆಬೇರೆ ದಾರಿ ಹಿಡಿಯುತ್ತವೆ. ನಾನು ಮೂವತ್ತೊಂದು ವರ್ಷಗಳಿಂದ ಕ್ರಿಮಿನಲ್ ಪ್ರಕರಣಗಳಲ್ಲಿ ಕೆಲಸ ಮಾಡುತ್ತಿದ್ದೇನೆ, ಮೊದಲ ಎಂಟು ವರ್ಷ ಸರ್ಕಾರಿ ಅಭಿಯೋಜಕನಾಗಿ, ಆಮೇಲೆ ಹೆಚ್ಚಾಗಿ ಆರೋಪಿಗಳ ಪರವಾಗಿ. ಮರಣದಂಡನೆ ರದ್ದಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತುಗಳನ್ನು ನೀವು ಅದಕ್ಕೆ ತಕ್ಕಂತೆ ತೂಗಿ ನೋಡಬಹುದು.

ಮೊದಲು ಮನವಿಯ ವಿಷಯ. ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಪ್ರಕಾರ ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದು. ಅಪರಾಧ ಸಾಬೀತಾದ ಮೇಲೆ ಸೆಷನ್ಸ್ ನ್ಯಾಯಾಧೀಶರು ಶಿಕ್ಷೆಯ ಬಗ್ಗೆಯೇ ಪ್ರತ್ಯೇಕವಾಗಿ ಎರಡೂ ಕಡೆಯ ವಾದ ಕೇಳಬೇಕು. ಗಲ್ಲು ವಿಧಿಸುವುದಾದರೆ ಅದಕ್ಕೆ ವಿಶೇಷ ಕಾರಣಗಳನ್ನು ಬರೆಯಬೇಕು. 1955ರ ತಿದ್ದುಪಡಿಗೆ ಮೊದಲು ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು, ಗಲ್ಲು ಕೊಡದಿದ್ದರೆ ಏಕೆ ಕೊಡಲಿಲ್ಲ ಎಂದು ನ್ಯಾಯಾಧೀಶರು ವಿವರಿಸಬೇಕಾಗಿತ್ತು. 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನಾಲ್ಕು-ಒಂದರ ಬಹುಮತದಿಂದ ಮರಣದಂಡನೆಯನ್ನು ಉಳಿಸಿಕೊಂಡಿತು. ಆದರೆ ಅಪರೂಪದಲ್ಲಿ ಅಪರೂಪದ ಪ್ರಕರಣಗಳಲ್ಲಿ ಮಾತ್ರ, ಜೀವಾವಧಿ ಶಿಕ್ಷೆಯ ದಾರಿ ಸಂಶಯಕ್ಕೆ ಎಡೆಯಿಲ್ಲದಂತೆ ಮುಚ್ಚಿಹೋಗಿದ್ದಾಗ ಮಾತ್ರ ಅದನ್ನು ವಿಧಿಸಬೇಕು ಎಂದು ಹೇಳಿತು. ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿದರೂ ಹೈಕೋರ್ಟ್ ದೃಢೀಕರಿಸುವವರೆಗೆ ಆ ಶಿಕ್ಷೆ ಜಾರಿಯಾಗುವುದಿಲ್ಲ. ಆದ್ದರಿಂದ ಊರಿನವರ ಸಹಿಗಳು ಈ ವಿಷಯದಲ್ಲಿ ನ್ಯಾಯಾಧೀಶರನ್ನು ತಲುಪುವುದಿಲ್ಲ, ತಲುಪಲೂಬಾರದು.

ಈಗ ಹದಿನಾಲ್ಕು ವರ್ಷದ ಮಾತು. ನಮ್ಮಲ್ಲಿ ಗಲ್ಲು ಬೇಕೆನ್ನುವವರಲ್ಲಿ ಅರ್ಧಕ್ಕರ್ಧ ಜನ ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಹಾಗೆ ಹೇಳುತ್ತಾರೆ ಎಂಬುದು ನನ್ನ ಅನುಭವ. ಜೀವಾವಧಿ ಎಂದರೆ ಉಳಿದ ಜೀವನ ಪೂರ್ತಿ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಗೋಪಾಲ ಗೋಡ್ಸೆ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. ಹದಿನಾಲ್ಕು ವರ್ಷ ಎಂಬ ಸಂಖ್ಯೆ ಬರುವುದು ಬೇರೆ ಕಡೆಯಿಂದ: ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿಯಾದವನನ್ನು ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡಬೇಕೆಂದರೂ, ಅವನು ಕನಿಷ್ಠ ಹದಿನಾಲ್ಕು ವರ್ಷ ಜೈಲಿನಲ್ಲಿ ನಿಜವಾಗಿ ಕಳೆದಿರಬೇಕು. ಅಂದರೆ ಹದಿನಾಲ್ಕಕ್ಕೆ ಮೊದಲು ಬಿಡುವಂತಿಲ್ಲ ಎಂಬ ತಡೆಯನ್ನೇ ಜನ ಹದಿನಾಲ್ಕಕ್ಕೆ ಬಿಡಬೇಕು ಎಂಬ ಹಕ್ಕೆಂದು ತಿಳಿದುಕೊಂಡಿದ್ದಾರೆ.

ಇದಕ್ಕಿಂತ ಕಠಿಣವಾದ ಮಧ್ಯದ ದಾರಿಯೊಂದು ರೂಪುಗೊಂಡದ್ದು ನಮ್ಮ ರಾಜ್ಯದ ಪ್ರಕರಣದಲ್ಲಿಯೇ. ಬೆಂಗಳೂರಿನಲ್ಲಿ ಪತ್ನಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತಿದ್ದ ಸ್ವಾಮಿ ಶ್ರದ್ಧಾನಂದ ಎಂಬಾತನಿಗೆ ಕೆಳಗಿನ ಎರಡೂ ನ್ಯಾಯಾಲಯಗಳು ಗಲ್ಲು ವಿಧಿಸಿದ್ದವು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ, ಯಾವ ಮಾಫಿಯೂ ಇಲ್ಲದೆ ಕೊನೆಯುಸಿರಿನವರೆಗೆ ಜೈಲಿನಲ್ಲೇ ಇರಬೇಕೆಂದು ಆದೇಶಿಸಿತು. 2015ರಲ್ಲಿ ಸಂವಿಧಾನ ಪೀಠ ಈ ಬಗೆಯ ಶಿಕ್ಷೆಯನ್ನು ಎತ್ತಿಹಿಡಿದರೂ, ಅದನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ವಿಧಿಸಬಹುದು ಎಂದಿತು. ಇದರಲ್ಲೊಂದು ತೊಡಕಿದೆ. ಸಾಮಾನ್ಯ ಜೀವಾವಧಿ ಸಾಲದು ಎಂದು ಸೆಷನ್ಸ್ ನ್ಯಾಯಾಧೀಶರಿಗೆ ಅನ್ನಿಸಿದರೆ ಅವರ ಕೈಯಲ್ಲಿ ಉಳಿಯುವುದು ಗಲ್ಲೊಂದೇ. ಮರಣದಂಡನೆಯ ಜಾಗದಲ್ಲಿ ಏನಿರಬೇಕು ಎಂದು ಕೇಳುವವರು ಮೊದಲು ಈ ತೊಡಕನ್ನು ಬಿಡಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಮಾಫಿಯ ದುರುಪಯೋಗದ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಬಿಲ್ಕಿಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳನ್ನು ಗುಜರಾತ್ ಸರ್ಕಾರ 2022ರಲ್ಲಿ ಬಿಡುಗಡೆ ಮಾಡಿದ್ದನ್ನು ದೇಶವೇ ನೋಡಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿ ಅವರನ್ನು ಜೈಲಿಗೆ ಮರಳಿಸಿತು. ಆ ಬಿಡುಗಡೆ ತಪ್ಪಾಗಿತ್ತು, ಆದರೆ ಅದನ್ನು ಸರಿಪಡಿಸಲು ಸಾಧ್ಯವಾಯಿತು.

ಭಯದ ವಿಷಯಕ್ಕೆ ಬರೋಣ. ಗಲ್ಲಿದ್ದರೆ ಕೊಲೆಗಡುಕ ಹಿಂಜರಿಯುತ್ತಾನೆ ಎಂಬ ಮಾತು ಕೇಳಲು ಸಹಜವಾಗಿದೆ. ನಮ್ಮ ನೆರೆಯ ತಿರುವಾಂಕೂರು ಸಂಸ್ಥಾನ 1944ರಲ್ಲಿ ಮರಣದಂಡನೆಯನ್ನು ರದ್ದುಮಾಡಿತ್ತು. ಭಾರತದ ಕಾನೂನು ಅಲ್ಲಿಗೆ ವಿಸ್ತರಿಸಿದ ಮೇಲೆ ಅದು ಮರಳಿತು. ಬಚ್ಚನ್ ಸಿಂಗ್ ಪ್ರಕರಣದಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅಲ್ಲಿನ ಅಂಕಿಗಳನ್ನು ಉಲ್ಲೇಖಿಸಿದ್ದಾರೆ: ಗಲ್ಲಿಲ್ಲದ 1945ರಿಂದ 1950ರವರೆಗಿನ ಐದು ವರ್ಷಗಳಲ್ಲಿ 962 ಕೊಲೆಗಳು, ಗಲ್ಲು ಮರಳಿದ 1950ರಿಂದ 1955ರವರೆಗಿನ ಐದು ವರ್ಷಗಳಲ್ಲಿ 967. ಇಷ್ಟರಿಂದಲೇ ಎಲ್ಲವೂ ಸಿದ್ಧವಾಯಿತೆಂದು ವಾದಿಸುವುದು ಸರಿಯಲ್ಲ, ಕೊಲೆಗಳ ಸಂಖ್ಯೆ ನೂರು ಕಾರಣಗಳಿಂದ ಏರಿಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಅಲ್ಲಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಗಲ್ಲು ಕೊಲೆಯನ್ನು ತಡೆಯುತ್ತದೆ ಎನ್ನಲೂ ತಡೆಯುವುದಿಲ್ಲ ಎನ್ನಲೂ ಅವು ಆಧಾರವಾಗಲಾರವು ಎಂದು ಹೇಳಿತು. ಆಧಾರವೇ ಇಲ್ಲದಿರುವಾಗ ಜೀವ ತೆಗೆಯುವ ಹೊಣೆಯನ್ನು ಯಾರು ಹೊರಬೇಕು ಎಂಬುದು ನನ್ನ ಪ್ರಶ್ನೆ. ನಾನು ಕಂಡ ಕೊಲೆ ಪ್ರಕರಣಗಳಲ್ಲಿ ಹೆಚ್ಚಿನವು ಕುಡಿತ, ಸಂಶಯ, ಗಡಿಜಗಳ, ಕೈಗೆ ಸಿಕ್ಕ ಕತ್ತಿ ಅಥವಾ ಕೋವಿಯಿಂದ ಆದವು. ಆ ಗಳಿಗೆಯಲ್ಲಿ ಕಲಂ ಸಂಖ್ಯೆಯನ್ನು ನೆನೆದವರು ಯಾರೂ ಇರಲಿಲ್ಲ. ಯೋಜಿಸಿ ಕೊಂದವರು ಮಾತ್ರ ಒಂದನ್ನು ಲೆಕ್ಕ ಹಾಕಿದ್ದರು, ಸಿಕ್ಕಿಬೀಳುತ್ತೇನೆಯೇ ಇಲ್ಲವೇ ಎಂದು. ಹಾಗಾಗಿ ನಿಮ್ಮೂರಿನ ಹೆಣ್ಣುಮಕ್ಕಳಿಗೆ ರಕ್ಷಣೆ ಸಿಗುವುದು ಲೈನ್‌ಮನೆಯ ಬಾಗಿಲಿಗೆ ಗಟ್ಟಿಯಾದ ಅಗುಳಿ, ದಾರಿಗೊಂದು ದೀಪ ಇದ್ದಾಗ. ಕಾಣೆಯಾದವಳ ದೂರನ್ನು ಠಾಣೆ ಅದೇ ರಾತ್ರಿ ದಾಖಲಿಸಿಕೊಂಡಾಗ. ಹೀಗೆ ಮಾಡಿದವನು ತಪ್ಪದೆ ಸಿಗುತ್ತಾನೆ ಎಂಬ ನಂಬಿಕೆ ಊರಿನಲ್ಲಿ ಬೆಳೆದಾಗ.

ನನ್ನ ಅಭಿಪ್ರಾಯವನ್ನು ರೂಪಿಸಿದ್ದು ಅಂಕಿಸಂಖ್ಯೆಗಿಂತ ಹೆಚ್ಚಾಗಿ ತಪ್ಪಾಗುವ ಸಾಧ್ಯತೆ. 2003ರಲ್ಲಿ ಮಹಾರಾಷ್ಟ್ರದಲ್ಲಿ ನಡೆದ ಕೊಲೆ ಮತ್ತು ಅತ್ಯಾಚಾರದ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಮಂದಿಗೆ ಶಿಕ್ಷೆಯಾಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಮೂವರ ಗಲ್ಲನ್ನು ಖಾಯಂ ಮಾಡಿದ್ದಲ್ಲದೆ, ಹೈಕೋರ್ಟ್ ಜೀವಾವಧಿಗೆ ಇಳಿಸಿದ್ದ ಉಳಿದ ಮೂವರಿಗೂ ಗಲ್ಲನ್ನೇ ವಿಧಿಸಿತು. ಹತ್ತು ವರ್ಷಗಳ ನಂತರ, 2019ರ ಮಾರ್ಚಿನಲ್ಲಿ, ಅದೇ ಸುಪ್ರೀಂ ಕೋರ್ಟ್ ಆರು ಮಂದಿಯೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು. ನಡುವಿನ ಆ ಹತ್ತು ವರ್ಷಗಳಲ್ಲಿ ಅವರನ್ನು ನೇಣಿಗೇರಿಸಿದ್ದರೆ ಈ ತೀರ್ಪನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. 1994ರ ಅಪರಾಧವೊಂದಕ್ಕೆ ಗಲ್ಲು ಶಿಕ್ಷೆಗೊಳಗಾಗಿ ಇಪ್ಪತ್ತೆಂಟು ವರ್ಷ ಜೈಲಿನಲ್ಲಿದ್ದ ಇನ್ನೊಬ್ಬನು, ಅಪರಾಧ ನಡೆದಾಗ ಹನ್ನೆರಡು ವರ್ಷದ ಹುಡುಗನಾಗಿದ್ದನೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ ಬಿಡುಗಡೆ ಮಾಡಿತು. ಸರಿಪಡಿಸಲಾಗದ ತಪ್ಪುಗಳೂ ಆಗಿವೆ. ಹಿಂದಿನ ಕೆಲವು ಗಲ್ಲು ತೀರ್ಪುಗಳಲ್ಲಿ ಬಚ್ಚನ್ ಸಿಂಗ್ ನಿಯಮವನ್ನೇ ಕಡೆಗಣಿಸಲಾಗಿತ್ತು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ತಾನೇ ಹೇಳಿತು. ಅಷ್ಟರಲ್ಲಿ ಆ ಕೈದಿಗಳಲ್ಲಿ ಇಬ್ಬರನ್ನು 1990ರ ದಶಕದಲ್ಲೇ ನೇಣಿಗೇರಿಸಿಯಾಗಿತ್ತು. ಬದುಕಿದ್ದ ಹದಿಮೂರು ಮಂದಿಯ ಶಿಕ್ಷೆಯನ್ನು ಇಳಿಸಬೇಕೆಂದು ಹದಿನಾಲ್ಕು ನಿವೃತ್ತ ನ್ಯಾಯಮೂರ್ತಿಗಳು 2012ರಲ್ಲಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು.

ನನ್ನದೇ ಒಂದು ಪ್ರಕರಣವನ್ನೂ ಹೇಳಬೇಕು. ಅಭಿಯೋಜಕನಾಗಿದ್ದಾಗ, ಈ ಜಿಲ್ಲೆಯ ಹೊರಗಿನ ಒಂದು ನ್ಯಾಯಾಲಯದಲ್ಲಿ, ಕೂಲಿಯೊಬ್ಬನಿಗೆ ಗಲ್ಲು ವಿಧಿಸಬೇಕೆಂದು ನಾನು ಮನಃಪೂರ್ವಕವಾಗಿ ವಾದಿಸಿದ್ದೆ. ನ್ಯಾಯಾಧೀಶರು ಜೀವಾವಧಿ ಕೊಟ್ಟರು. ಮೇಲ್ಮನವಿಯಲ್ಲಿ, ಕತ್ತಿಯನ್ನು ವಶಪಡಿಸಿಕೊಂಡದ್ದರ ದಾಖಲೆಯಾದ ಮಹಜರಿಗೆ ಸಾಕ್ಷಿಗಳಾದ ಪಂಚರು ಸ್ಥಳದಲ್ಲಿ ಸಹಿ ಹಾಕಿರಲಿಲ್ಲ, ಠಾಣೆಯಲ್ಲಿ ಕುಳಿತು ಹಾಕಿದ್ದರು ಎಂಬುದು ಹೊರಬಂದು ಅವನು ಖುಲಾಸೆಯಾದ. ಅವನು ಕೊಂದಿದ್ದನೇ ಇಲ್ಲವೇ ಎಂದು ಇಂದಿಗೂ ನನಗೆ ತಿಳಿಯದು. ಕೊಂದಿದ್ದರೆ ಸತ್ತವರ ಮನೆಯವರಿಗೆ ಅನ್ಯಾಯವಾಯಿತು. ಕೊಲ್ಲದಿದ್ದರೆ ನಾನು ಒಬ್ಬ ನಿರಪರಾಧಿಯ ಜೀವ ಕೇಳಿದ್ದೆ. ಎರಡಕ್ಕೂ ಕಾರಣ ಆ ಒಂದು ಹಾಳೆ ಮಹಜರು. ಅಂದಿನಿಂದ ಶಿಕ್ಷೆಯ ಮಾತಿಗಿಂತ ಮೊದಲು ನಾನು ಕೇಳುವುದು ತನಿಖೆ ಹೇಗೆ ನಡೆಯಿತು ಎಂದು.

ವಕೀಲರು ನಿಲ್ಲಬಾರದು ಎಂಬ ಸಾಲು ನಿಮ್ಮೂರಿನ ಮನವಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ, ಮತ್ತು ಅಪಾಯ ಆ ತಾಯಿಗೇ. ವಕೀಲರ ಸಂಘಗಳು ಇಂಥ ನಿರ್ಣಯ ಮಾಡುವುದು ಸಂವಿಧಾನಕ್ಕೆ ವಿರುದ್ಧ, ಅಂಥ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ತೀರ್ಪಿತ್ತಿದೆ. ದೆಹಲಿಯ ಬಸ್ ಸ್ಫೋಟದ ಆರೋಪಿಯೊಬ್ಬನಿಗೆ ವಿಚಾರಣೆಯಲ್ಲಿ ಸರಿಯಾದ ವಕೀಲರ ನೆರವು ಸಿಕ್ಕಿರಲಿಲ್ಲವೆಂಬ ಕಾರಣಕ್ಕೆ 2012ರಲ್ಲಿ ಅವನ ಗಲ್ಲು ಶಿಕ್ಷೆ ರದ್ದಾಗಿ, ಮರುವಿಚಾರಣೆಗೆ ಆದೇಶವಾಯಿತು. ಅಂದರೆ ಆರೋಪಿಗೆ ವಕೀಲರಿಲ್ಲದಂತೆ ಮಾಡಿದರೆ ಶಿಕ್ಷೆ ಬೇಗ ಆಗುವುದಿಲ್ಲ. ಆ ತಾಯಿ ಮೊದಲಿನಿಂದ ಮತ್ತೊಮ್ಮೆ ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತದೆ. ಹೊರಗಿನಿಂದ ಬಂದು, ಭಾಷೆ ತಿಳಿಯದೆ, ಜಾಮೀನು ನಿಲ್ಲಲೂ ಗತಿಯಿಲ್ಲದವನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಲ್ಲು ಶಿಕ್ಷೆಗೊಳಗಾದ ಕೈದಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಆರ್ಥಿಕವಾಗಿ ದುರ್ಬಲರು. ಮೇಲಿನ ನ್ಯಾಯಾಲಯಗಳ ಹಂತಗಳನ್ನು ದಾಟಿ ಕೊನೆಗೂ ಉಳಿಯುವ ಗಲ್ಲು ಶಿಕ್ಷೆಗಳು ನೂರಕ್ಕೆ ಐದಕ್ಕಿಂತ ಕಡಿಮೆ.

ಆ ಉಳಿದ ಕೆಲವರ ವಿಷಯದಲ್ಲೂ ನಡೆಯುವುದೇನು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ತಂಡ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಕೊಂದಿತು. ಮೈಸೂರಿನ ವಿಶೇಷ ನ್ಯಾಯಾಲಯ ನಾಲ್ವರಿಗೆ 2001ರಲ್ಲಿ ಜೀವಾವಧಿ ವಿಧಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನ ಅರ್ಜಿ ಒಂಬತ್ತು ವರ್ಷ ಕಾದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಆ ವಿಳಂಬವೇ ಅಮಾನವೀಯವೆಂದು 2014ರ ಜನವರಿಯಲ್ಲಿ ಶಿಕ್ಷೆ ಮತ್ತೆ ಜೀವಾವಧಿಗೆ ಇಳಿಯಿತು. ಬೆಂಗಳೂರಿನಲ್ಲಿ 1998ರಲ್ಲಿ ಮಹಿಳೆಯೊಬ್ಬರನ್ನು ಕೊಂದ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆ, ಅವನನ್ನು ಬೆಳಗಾವಿ ಜೈಲಿನಲ್ಲಿ ಕಾನೂನು ಮೀರಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟಿದ್ದ ಕಾರಣಕ್ಕೆ 2022ರಲ್ಲಿ ಕನಿಷ್ಠ ಮೂವತ್ತು ವರ್ಷಗಳ ಸೆರೆವಾಸಕ್ಕೆ ಬದಲಾಯಿತು. ಸತ್ತವರ ಮನೆಯವರು ಅಷ್ಟೂ ವರ್ಷ ಏನನ್ನು ಕಾದರು? ಪ್ರತಿ ಅರ್ಜಿಗೂ ಪತ್ರಿಕೆಯಲ್ಲಿ ಸುದ್ದಿ, ಪ್ರತಿ ಸುದ್ದಿಗೂ ಹಳೆಯ ಫೋಟೊ. ದೇಶದಲ್ಲಿ 2000ದಿಂದ 2020ರವರೆಗೆ ಗಲ್ಲಾದವರು ಎಂಟೇ ಮಂದಿ. ಆ ತಾಯಿಗೆ ಗಲ್ಲಿನ ಭರವಸೆ ಕೊಡುವವರು ಈ ದಾರಿಯ ಉದ್ದವನ್ನು ಅವಳಿಗೆ ಹೇಳಿದ್ದಾರೆಯೇ ಎಂಬುದು ನನ್ನ ಆತಂಕ.

ನಿಮ್ಮ ತಂಗಿಯ ಮಗನ ಕಡೆಗೂ ಒಂದು ಮಾತು. ಅವನ ವಾದ ಹೊರಗಿನಿಂದ ತಂದದ್ದಲ್ಲ. 1949ರ ಜೂನ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಮರಣದಂಡನೆಯನ್ನೇ ರದ್ದುಮಾಡುವುದನ್ನು ತಾವು ಬೆಂಬಲಿಸುವುದಾಗಿ ಹೇಳಿದ್ದರು. 1967ರಲ್ಲಿ ಉಳಿಸಿಕೊಳ್ಳಬೇಕೆಂದಿದ್ದ ಕಾನೂನು ಆಯೋಗ 2015ರಲ್ಲಿ, ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧವನ್ನು ಬಿಟ್ಟು ಉಳಿದ ಅಪರಾಧಗಳಿಗೆ ರದ್ದುಮಾಡಲು ಶಿಫಾರಸು ಮಾಡಿತು. ಮೂವರು ಸದಸ್ಯರು ಒಪ್ಪಲಿಲ್ಲ. ಸಂಸತ್ತು ನಡೆದದ್ದು ಬೇರೆ ದಿಕ್ಕಿನಲ್ಲಿ. 2018ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳ ಅತ್ಯಾಚಾರಕ್ಕೂ ಗಲ್ಲು ಸೇರಿತು. ನಮ್ಮ ಜಿಲ್ಲೆಯ ನೆನಪಿನಲ್ಲೇ ಒಂದು ನೇಣುಗಂಬವಿದೆ. 1837ರ ಅಕ್ಟೋಬರ್ 31ರಂದು ಬ್ರಿಟಿಷರು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಮನೆಯವರ ಕಣ್ಣೆದುರಿನಲ್ಲೇ ಗಲ್ಲಿಗೇರಿಸಿದರು. ಇಂದು ಅದೇ ಊರಿನಲ್ಲಿ ಅವರ ಪ್ರತಿಮೆ ಇದೆ. ಸ್ವಾತಂತ್ರ್ಯಕ್ಕಾಗಿ ಬಂಡೆದ್ದವರನ್ನೂ ಒಬ್ಬ ಕೊಲೆಗಾರನನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಪ್ರಭುತ್ವದ ಕೈಗೆ ಹಗ್ಗ ಕೊಟ್ಟಾಗ ಅದು ಯಾರ ಕೊರಳಿಗೆ ಬೀಳುತ್ತದೆಂದು ಕೊಟ್ಟವರು ನಿರ್ಧರಿಸಲಾರರು ಎಂಬುದಕ್ಕಷ್ಟೇ ಅದನ್ನು ಹೇಳಿದೆ.

ಇಷ್ಟಾದರೂ, ಗಲ್ಲು ಬೇಕೆನ್ನುವವರ ಮಾತಿನಲ್ಲಿ ನಾನು ಉತ್ತರಿಸಲಾಗದ ಒಂದು ಅಂಶವಿದೆ. ಕೆಲವು ಕೃತ್ಯಗಳ ಮುಂದೆ ಬೇರೆ ಯಾವ ಶಿಕ್ಷೆಯೂ ಸರಿದೂಗುವುದಿಲ್ಲ ಎಂದು ಸತ್ತವರ ತಾಯಿ ಹೇಳಿದರೆ, ಅದು ತಪ್ಪೆಂದು ಸಾಧಿಸಲು ನನ್ನಲ್ಲಿ ಯಾವ ಪುಸ್ತಕವೂ ಇಲ್ಲ, ಸಾಧಿಸಲು ನಾನು ಪ್ರಯತ್ನಿಸುವುದೂ ಇಲ್ಲ. ಅವಳ ಮುಂದೆ ಕುಳಿತು ರದ್ದತಿಯ ವಾದ ಮಾಡಬೇಡಿ ಎಂದು ಆ ಹುಡುಗನಿಗೂ ಹೇಳಿ.

ಸಹಿಯ ವಿಷಯದಲ್ಲಿ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಇದ್ದಂತೆಯೇ ಸಹಿ ಹಾಕಿದರೆ ಊರಿನ ಒಗ್ಗಟ್ಟು ಉಳಿಯುತ್ತದೆ. ಆದರೆ ಜಿಲ್ಲಾಧಿಕಾರಿಗಳು ಮಾಡಲಾಗದ್ದನ್ನು ಕೇಳಿ, ಮಾಡಬಹುದಾದ್ದನ್ನು ಕೇಳದೆ ಬಿಟ್ಟಂತಾಗುತ್ತದೆ. ಸಹಿ ಹಾಕದೆ ಸುಮ್ಮನಿದ್ದರೆ ನಿಮ್ಮ ಮನಸ್ಸಾಕ್ಷಿಗೆ ಸಮಾಧಾನವಾದೀತು, ತಾಯಿಗೆ ಮಾತ್ರ ನಿಮ್ಮ ಮೌನವಷ್ಟೇ ಕಾಣುತ್ತದೆ. ಮನವಿಯನ್ನು ತಿದ್ದಿಸುವುದು ಮೂರನೆಯ ದಾರಿ. ಅದಕ್ಕೆ ಒಂದಿಷ್ಟು ನಿಷ್ಠುರ ಕಟ್ಟಿಕೊಳ್ಳಬೇಕಾದೀತು. ವಕೀಲರ ಕುರಿತ ಸಾಲನ್ನು ತೆಗೆಸಿ, ವಿಚಾರಣೆ ಮುಂದೂಡಿಕೆಯಿಲ್ಲದೆ ನಡೆಯಬೇಕು, ಅನುಭವವುಳ್ಳ ವಿಶೇಷ ಅಭಿಯೋಜಕರನ್ನು ನೇಮಿಸಬೇಕು, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಡವಾಗದಂತೆ ನೋಡಿಕೊಳ್ಳಬೇಕು, ಸಾಕ್ಷಿಗಳಿಗೆ ರಕ್ಷಣೆ ಬೇಕು ಎಂದು ಬರೆಯಿಸಿ. ಇವು ಸರ್ಕಾರದ ಕೈಯಲ್ಲಿರುವ ಅಥವಾ ಅದು ಒತ್ತಾಸೆಯಾಗಿ ನಿಲ್ಲಬಹುದಾದ ವಿಷಯಗಳು.

ಸಾಕ್ಷಿಗಳ ಮಾತನ್ನು ಬೇಕೆಂದೇ ಎತ್ತಿದೆ. ಲೈನ್‌ಮನೆ ಪ್ರಕರಣಗಳು ನಮ್ಮಲ್ಲಿ ಬಿದ್ದುಹೋಗುವುದು ಬಹುಪಾಲು ಇಲ್ಲಿಯೇ. ಕೊಯ್ಲು ಮುಗಿದೊಡನೆ ಪಕ್ಕದ ಮನೆಯ ಕೂಲಿಯವರು ಊರಿಗೆ ಹೋಗುತ್ತಾರೆ ಅಥವಾ ಇನ್ನೊಂದು ತೋಟಕ್ಕೆ ಸೇರುತ್ತಾರೆ. ಎರಡು ವರ್ಷದ ನಂತರ ಸಮನ್ಸ್ ಹಳೆಯ ವಿಳಾಸಕ್ಕೆ ಬಂದು ಹಿಂದಿರುಗುತ್ತದೆ. ಇದ್ದವರು ಹೆದರಿ ಪ್ರತಿಕೂಲ ಸಾಕ್ಷಿಗಳಾಗುತ್ತಾರೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಇಂಥ ಗಂಭೀರ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು. ಅದು ಆಗಿದೆಯೇ ಎಂದು ವಿಚಾರಿಸಿ. ತೋಟದ ರೈಟರ್ ಬಳಿ ಅಂದಿನ ಹಾಜರಿ ಪುಸ್ತಕ ಮತ್ತು ಕೆಲಸಗಾರರ ಊರಿನ ವಿಳಾಸ, ಫೋನ್ ಸಂಖ್ಯೆಗಳಿದ್ದರೆ ಅವು ಕಳೆದುಹೋಗದಂತೆ ನೋಡಿಕೊಳ್ಳಲು ಮಾಲೀಕರಿಗೆ ಹೇಳಿ. ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆಯೆಂದು ಪತ್ರದಿಂದಲೇ ತಿಳಿಯುತ್ತದೆ.

ಕೊನೆಯದಾಗಿ ಆ ತಾಯಿಯ ಹಕ್ಕುಗಳು, ಅವನ್ನು ಅವಳಿಗೆ ಯಾರೂ ಹೇಳಿರಲಾರರು. ಅಭಿಯೋಜಕರಿಗೆ ನೆರವಾಗಲು ತನ್ನದೇ ವಕೀಲರನ್ನು ನೇಮಿಸಿಕೊಳ್ಳಲು ಅವಳು ನ್ಯಾಯಾಲಯದ ಅನುಮತಿ ಕೇಳಬಹುದು. ಆರೋಪಿ ಖುಲಾಸೆಯಾದರೆ, ಅಥವಾ ಚಿಕ್ಕ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಅಥವಾ ಪರಿಹಾರ ಕಡಿಮೆಯಾದರೆ ಅವಳೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಮುಂಚಿತವಾಗಿ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನಮ್ಮ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಹೇಳಿದೆ. ಜೀವಾವಧಿಯನ್ನು ಗಲ್ಲಿಗೆ ಏರಿಸಿ ಎಂದು ಮಾತ್ರ ಈ ಮೇಲ್ಮನವಿ ಹಕ್ಕಿನಡಿ ಅವಳು ಕೇಳಲಾಗದು, ಆ ಮೇಲ್ಮನವಿ ಸರ್ಕಾರದ ಕೆಲಸ. ಸಂತ್ರಸ್ತರ ಪರಿಹಾರ ಯೋಜನೆಯಡಿ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ, ತೀರ್ಪಿಗೆ ಕಾಯದೆಯೇ ಮಧ್ಯಂತರ ಪರಿಹಾರ ಸಿಗುವ ಅವಕಾಶವಿದೆ. ಕುಟುಂಬ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡದವನಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯ ಪರಿಹಾರವನ್ನೂ ವಿಚಾರಿಸಬೇಕು. ಅರ್ಜಿಗೆ ಎಫ್‌ಐಆರ್ ಪ್ರತಿ, ಶವಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ತಾಯಿಯ ಗುರುತಿನ ದಾಖಲೆ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆಗಿಡಿ. ಅವಳಿಗೆ ಓದಲು ಬಾರದಾದ್ದರಿಂದ ಹೆಬ್ಬೆಟ್ಟು ಒತ್ತುವ ಮೊದಲು ಅರ್ಜಿಯನ್ನು ಪೂರ್ತಿ ಓದಿ ಹೇಳಿ, ಮತ್ತು ಪ್ರಾಧಿಕಾರದ ಕಚೇರಿಗೆ ಹೋಗುವ ದಿನ ನೀವೂ ಅವಳ ಜೊತೆ ಬಸ್ ಹತ್ತಿ.